ಅಜ್ಜ ಚಂದ ಐತಿ ಅಂದ ಕಾರ್ಟೂನು

"ಕೂಸಿಗೆ ಕಾರ್ಟೂನ್ ಹಚ್ಚಿಕೊಡವಾ, ಸುಮ್ನ ಕುಂದರತೈತಿ."

ಈ ಮಾತು ಆಡದ ಮನೆ ಬೆಳಗಾವಿಯಲ್ಲಿ ಒಂದಾದರೂ ಇದ್ದರೆ ನನಗೆ ತೋರಿಸಿ. ಅಡುಗೆ ಆಗಬೇಕು, ಕಾರ್ಟೂನು. ಬೀಗರು ಬಂದಿದ್ದಾರೆ, ಕಾರ್ಟೂನು. ಮಗು ಉಣ್ಣಲೊಲ್ಲದು, ಕಾರ್ಟೂನು. ಹಿಂದೆ ನಮ್ಮವ್ವಂದಿರು ಗುಮ್ಮ ಬಂತು ಎಂದು ಹೆದರಿಸಿ ಮಕ್ಕಳನ್ನು ಕೂರಿಸುತ್ತಿದ್ದರು. ನಾವು ಕೆಲವೊಮ್ಮೆ ಗುಮ್ಮನನ್ನೇ ಮಗುವಿನ ಕೈಗೆ ಕೊಟ್ಟು ಕೂರಿಸುತ್ತೇವೆ. ಅದು ಗುಮ್ಮ ಎಂದು ನಮಗೆ ಗೊತ್ತಿರುವುದಿಲ್ಲ, ಅಷ್ಟೇ.

ವಡಗಾವಿಯ ನಾಗರತ್ನಾ ಕೂಡ ಹಾಗೇ ಮಾಡಿದಳು. ಆಕೆಯನ್ನು ಬೈಯಲು ಹೋಗಬೇಡಿ. ಮನೆಯ ಹಿಂಭಾಗದಲ್ಲಿ ಮಗ್ಗಗಳು. ಗಂಡ ಓಂಕಾರ, ಮಾವ ಗುರುಪಾದಪ್ಪ, ಕೆಲಸಕ್ಕೆ ಬರುವ ಭರಮಪ್ಪ, ಮೂವರೂ ಬೆಳಗಿನಿಂದ ಸಂಜೆವರೆಗೆ ಅಲ್ಲೇ. ನಾಗರತ್ನಾ ಅವರಿಗೆ ಕಂಡಿಕೆಗೆ ನೂಲು ಸುತ್ತಿ ಕೊಡಬೇಕು, ನಡುನಡುವೆ ಓಡಿಬಂದು ರೊಟ್ಟಿ ಬಡಿಯಬೇಕು, ನೀರು ಬಂದರೆ ತುಂಬಬೇಕು. ಮಗಳು ಸಾಕ್ಷಿ ಮೂರನೇ ಇಯತ್ತೆ. ಸಾಲೆ ಬಿಟ್ಟು ಬಂದರೆ ಮುಂದಿನ ಖೋಲಿಯಲ್ಲಿ ಟಿವಿ ಮುಂದೆ ಕೂರುವ ಹುಡುಗಿ.

ಮಗ್ಗದ ಮನೆಯ ಟಿವಿ ಹೇಗಿರುತ್ತದೆ ಎಂದು ಆ ಓಣಿಯವರನ್ನೇ ಕೇಳಬೇಕು. ಮಗ್ಗದ ಖಟಖಟ ಸದ್ದಿನಲ್ಲಿ ಟಿವಿಯ ದನಿ ಎಷ್ಟು ಏರಿಸಿದರೂ ಕಿವಿಗೆ ಬೀಳುವುದಿಲ್ಲ. ಬೀಳದ ಮೇಲೆ ಏರಿಸಿ ಏನು ಪ್ರಯೋಜನ? ಅದಕ್ಕೇ ಅವರು ದನಿ ಪೂರ್ತಿ ಇಳಿಸಿಬಿಡುತ್ತಾರೆ. ಸುದ್ದಿಯಾಗಲಿ ಧಾರಾವಾಹಿಯಾಗಲಿ, ಎಲ್ಲವೂ ಬರೀ ಕಣ್ಣಿನ ಕೆಲಸ. "ನಮ್ಮ ಓಣ್ಯಾಗ ಟಿವಿ ನೋಡಾಕ ಕಿವಿ ಬೇಕಾಗಿಲ್ರೀ" ಎಂದು ಗುರುಪಾದಪ್ಪ ಬಂದವರ ಮುಂದೆ ಚೇಷ್ಟೆ ಮಾಡುತ್ತಿದ್ದರು.

ನಾಗರತ್ನಾಳ ತಮ್ಮ ಗೌರೀಶ ಖಾನಾಪುರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಒಮ್ಮೆ ಅಕ್ಕನ ಮನೆಗೆ ಬಂದಾಗ, ತಾನು ದುಡ್ಡು ಕಟ್ಟಿ ನೋಡುತ್ತಿದ್ದ ಆ್ಯಪನ್ನು ಈ ಟಿವಿಗೂ ಹಾಕಿಕೊಟ್ಟ. ಅವನಿಗೆ ಜಪಾನಿನ ಕಾರ್ಟೂನೆಂದರೆ ಪಂಚಪ್ರಾಣ. ಅದನ್ನು ಅವರು ಆ್ಯನಿಮೆ ಅನ್ನುತ್ತಾರೆ. ಹೀಗಾಗಿ ಆ್ಯಪ್ ತೆರೆದರೆ ಸಾಕು, ಅಂಥವೇ ಸಾಲಾಗಿ ಬಂದು ನಿಲ್ಲುತ್ತಿದ್ದವು.

ನಾಗರತ್ನಾಗೆ ಇಂಗ್ಲಿಷ್ ಹೆಸರು ಓದಲು ಎಲ್ಲಿ ಬರುತ್ತದೆ? ಚಿತ್ರ ನೋಡಿ ಆರಿಸಿದಳು. ದೊಡ್ಡ ದೊಡ್ಡ ಕಣ್ಣಿನ ಒಂದು ಹುಡುಗಿ, ತೊಡೆಯ ಮೇಲೆ ಬಿಳಿ ಬೆಕ್ಕು, ಹಿಂದೆ ಹೂವು ತುಂಬಿದ ಮನೆ.

"ಇದು ಭಾಳ ಚಂದ ಐತಿ ನೋಡು. ಇದನ್ನ ನೋಡ್ಕೋತ ಕುಂದರ" ಎಂದು ರಿಮೋಟ್ ಒತ್ತಿ ಕಂಡಿಕೆ ಸುತ್ತಲು ಹೋದಳು.

ಸ್ವಲ್ಪ ಹೊತ್ತಿಗೆ ಗುರುಪಾದಪ್ಪ ಚಹಾ ಕುಡಿಯಲು ಬಂದು ಮೊಮ್ಮಗಳ ಬಾಜೂಕ್ಕೆ ಕುಳಿತರು. ಅವರ ಕಣ್ಣು ನೇಕಾರನ ಕಣ್ಣು. ಮದುವೆಗೆ ಹೋದರೆ ಮದುಮಗಳ ಮುಖ ಬಿಟ್ಟು ಸೀರೆಯ ಅಂಚು, ಒಡಲು, ಒಡಲ ಮೇಲೆ ನೇಯ್ದ ಬುಟ್ಟಾ ಹೂವು ನೋಡುವ ಮನುಷ್ಯ. ಟಿವಿಯಲ್ಲಿ ಬಣ್ಣ ಕಂಡದ್ದೇ ತಡ, ಎದ್ದು ಕುಳಿತರು.

"ಅಲಲಲಾ! ಬಿಳಿ ಒಡಲಿನ ಮ್ಯಾಲ ಆ ಕೆಂಪು ಬುಟ್ಟಾ ನೋಡವಾ! ಎಂಥಾ ಬಣ್ಣ ಹಾಕ್ಯಾರ! ಸಾಕ್ಷೀ, ಒಂದೀಟು ನಿಂದ್ರಸು."

ಸಾಕ್ಷಿ ನಿಲ್ಲಿಸಿದಳು. ಅಜ್ಜ ಮೊಬೈಲಿನಲ್ಲಿ ಟಿವಿಯ ಫೋಟೋ ತೆಗೆದುಕೊಂಡರು. "ಭಾಳ ಚಂದ ಐತಿ, ಭಾಳ ಚಂದ ಐತಿ" ಎನ್ನುತ್ತ ಮಗ್ಗಕ್ಕೆ ಹೋದರು. ಸಾಕ್ಷಿ ಮತ್ತೆ ಟಿವಿ ಕಡೆ ತಿರುಗಿದಳು. ಒಂದು ಕಂತು ಮುಗಿದರೆ ಇನ್ನೊಂದು ತಾನಾಗಿಯೇ ಶುರುವಾಗುತ್ತಿತ್ತು. ಯಾರೂ ಒತ್ತುವ ಅಗತ್ಯವೇ ಇರಲಿಲ್ಲ.

ಆಮೇಲೆ ಸಾಕ್ಷಿ ಬದಲಾದಳು.

ಹಿತ್ತಲ ಪಾಯಖಾನೆಗೆ ಒಬ್ಬಳೇ ಹೋಗಲೊಲ್ಲಳು. ರಾತ್ರಿ ಚೀರಿ ಏಳುತ್ತಾಳೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದನ್ನು ಬಿಟ್ಟು ವರ್ಷಗಳಾಗಿದ್ದವು, ಮತ್ತೆ ಶುರುವಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಭರಮಪ್ಪನನ್ನು ಕಂಡರೆ ಹುಡುಗಿಯ ಮುಖ ಸುಣ್ಣ ಬಡಿದಂತಾಗುತ್ತಿತ್ತು. ಭರಮಪ್ಪ ಪಾಪದ ಮನುಷ್ಯ. ದಪ್ಪ ಮೀಸೆ, ಬಾಯಿ ತುಂಬ ನಗು. ದಿನಾ ಬರುವಾಗ ಸಾಕ್ಷಿಗೊಂದು ಪೇಪರಮಿಂಟ್ ತರುತ್ತಿದ್ದ. ಒಂದು ದಿನ ಕೊಡಲು ಬಂದರೆ ಹುಡುಗಿ ಅದನ್ನು ಎಸೆದು ಮಂಚದ ಕೆಳಗೆ ಹೋಗಿ ಅವಿತುಕೊಂಡಳು.

"ದೃಷ್ಟಿ ಆಗೇತಿ" ಎಂದರು ಗುರುಪಾದಪ್ಪ.

ಓಂಕಾರ ಮಗಳನ್ನೂ ಭರಮಪ್ಪನನ್ನೂ ತಿರುತಿರುಗಿ ನೋಡಿದ. ಆ ನೋಟದ ಅರ್ಥ ನಾಗರತ್ನಾಗೆ ತಿಳಿಯಿತು. ಗಂಡನ ತಲೆಯಲ್ಲಿ ಏನಿದೆಯೋ ಅದೇ ಅವಳ ತಲೆಯಲ್ಲೂ ಇತ್ತು. ಹೆಣ್ಣು ಮಗು ಹೆತ್ತ ಯಾವ ತಾಯಿಗೆ ಆ ಯೋಚನೆ ಬರುವುದಿಲ್ಲ ಹೇಳಿ?

ಮೇಲಿನ ಮನೆಯಲ್ಲಿ ಬಾಡಿಗೆಗೆ ಪ್ರಮಿಳಾ ಇದ್ದಳು. ನೆಹರು ನಗರದ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್. ನಾಗರತ್ನಾಳ ತವರೂರಾದ ಬೀಡಿಯವಳೇ. ಊರ ಋಣಕ್ಕೆ ಅಕ್ಕ ತಂಗಿಯರಂತಿದ್ದರು. ನಾಗರತ್ನಾ ಮೆಟ್ಟಿಲು ಹತ್ತಿ ಹೋಗಿ ಎಲ್ಲವನ್ನೂ ಹೇಳಿಕೊಂಡು ಅತ್ತಳು.

ಪ್ರಮಿಳಾ ಪೂರ್ತಿ ಕೇಳಿಸಿಕೊಂಡಳು. "ಕೂಸು ಒಮ್ಮಿಂದೊಮ್ಮೆ ಒಬ್ಬರನ್ನ ಕಂಡು ಹೆದರಾಕತ್ತಂದ್ರ ಸುಮ್ನ ಬಿಡಬಾರದು. ನಿನ್ನ ಚಿಂತಿ ಖರೇನ ಐತಿ. ಆಕಿಗೆ ಕೇಳಿದೇನು?"

"ಕೇಳೇನ್ರಿ ಅಕ್ಕಾ. ಬಾಯಿ ಬಿಡವಲ್ಲಳು."

"ಹೆಂಗ ಕೇಳಿದಿ?"

"ಏನಾತು ಹೇಳ್ತೀಯೋ ಇಲ್ಲೋ, ಇಲ್ಲಂದ್ರ ಪಪ್ಪಾಗ ಹೇಳಿ ಹೊಡಸ್ತೇನಿ ಅಂದೆ."

"ಹಂಗ ಕೇಳಿದ್ರ ನಾನೂ ಬಾಯಿ ಬಿಡೂದಿಲ್ಲ ತಂಗಿ!" ಪ್ರಮಿಳಾ ನಾಗರತ್ನಾಳ ಕೈ ಹಿಡಿದಳು. "ಬಾಜೂಕ ಕುಂತು, ತಲಿ ಸವರಿ ಕೇಳು. ಏನ ಹೇಳಿದ್ರೂ ಬೈಯೂದಿಲ್ಲ ಅಂತ ಮೊದ್ಲ ಹೇಳು. ಅಲ್ಲೀತನಕ ಆಕಿನ್ನ ಎಲ್ಲೂ ಒಬ್ಬಾಕಿನ್ನ ಬಿಡಬ್ಯಾಡ. ಭರಮಪ್ಪ ಏನಾರ ತಪ್ಪು ಮಾಡಿದ್ದ ಖರೇ ಆದ್ರ, ಮುಚ್ಚಿಡೂದಿಲ್ಲ. 1098ಕ್ಕ ಫೋನ್ ಹಚ್ಚೂಣು, ಅದು ಮಕ್ಕಳ ಸಲುವಾಗಿ ಇರೂ ನಂಬರು. ಪೊಲೀಸ್ರ ಕಡೆ ನಾನ ಬರ್ತೇನಿ. ಆದ್ರ ಮಾಡಿಲ್ಲಂದ್ರ? ಒಬ್ಬ ಮನಷ್ಯಾನ ಮಾನ ಹೋಗತೈತಿ. ಮೊದ್ಲ ಕೂಸು ಮಾತಾಡ್ಲಿ."

ಹೊರಡುವಾಗ ಪ್ರಮಿಳಾ ಸುಮ್ಮನೆ ಕೇಳಿದಳು. "ಟಿವ್ಯಾಗ ಏನೇನ ನೋಡ್ತಾಳು?"

"ಕಾರ್ಟೂನ್ ಅಷ್ಟರಿ. ಬ್ಯಾರೆ ಏನೂ ತೋರಸೂದಿಲ್ಲ."

"ಹಂಗಾರ ಅದರ ಚಿಂತಿಲ್ಲ ಬಿಡು" ಎಂದಳು ಪ್ರಮಿಳಾ.

ನೋಡಿದಿರಾ? ಮಕ್ಕಳ ವಾರ್ಡಿನ ನರ್ಸ್ ಕೂಡ ಕಾರ್ಟೂನ್ ಎಂದ ಕೂಡಲೇ ಮಾತು ಅಲ್ಲಿಗೇ ಬಿಟ್ಟಳು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುವ ಜನ ನಾವು. ಕಾರ್ಟೂನಿನ ವಿಷಯಕ್ಕೆ ಬಂದರೆ ಆ ಗಾದೆ ಯಾರಿಗೂ ನೆನಪಾಗುವುದಿಲ್ಲ.

ಮರುದಿನ ಓಂಕಾರ ಭರಮಪ್ಪನಿಗೆ ಬಾಗಿಲಲ್ಲೇ ಹೇಳಿದ. "ಇನ್ ಮ್ಯಾಲ ಬರಬ್ಯಾಡ."

"ಯಾಕ್ರೀ ಸಾವಕಾರ? ಏನ ತಪ್ಪಾತ್ರೀ?"

ಓಂಕಾರ ಬಾಗಿಲು ಹಾಕಿಕೊಂಡ. ಭರಮಪ್ಪ ಊಟದ ಡಬ್ಬಿ ಹಿಡಿದುಕೊಂಡು ಓಣಿಯಲ್ಲಿ ನಿಂತೇ ಇದ್ದ. ಎದುರು ಮನೆಯವರು ನೋಡಿದರು. ಸಂಜೆಯೊಳಗೆ ಇಡೀ ಓಣಿಗೆ ಒಂದು ಪಿಸುಮಾತು ಹಬ್ಬಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಜ್ವರ ಎಲ್ಲಿಂದ ಬಂತೆಂದು ನೋಡಿದವರೂ ಇಲ್ಲ.

"ರವಿವಾರ ಅವನ ಮನಿಗೆ ಹೋಗಿ ಕೇಳ್ತೇನಿ. ನಾಕ ಮಂದೀನ್ನ ಕರ್ಕೊಂಡ ಹೋಗ್ತೇನಿ" ಎಂದ ಓಂಕಾರ ಹೆಂಡತಿಗೆ. "ನೀ ಸಾಕ್ಷೀನ್ನ ಕರ್ಕೊಂಡು ತವರಮನಿಗೆ ಹೋಗು. ಆಕಿ ಇಲ್ಲಿರೂದು ಬ್ಯಾಡ."

ನಾಕು ಮಂದಿಯನ್ನು ಕರೆದುಕೊಂಡು ಹೋಗುವುದೆಂದರೆ ಏನೆಂದು ನಾಗರತ್ನಾಗೆ ಗೊತ್ತಿತ್ತು. ಬೇಡ ಎನ್ನಲೂ ಧೈರ್ಯ ಬರಲಿಲ್ಲ. ಒಂದು ವೇಳೆ ಖರೇ ಇದ್ದರೆ? ಆ ಪ್ರಶ್ನೆ ಆಕೆಯ ಅನ್ನ ನೀರು ಬಿಡಿಸಿತ್ತು. ಅದೇ ಹೆದರಿಕೆಗೆ ಮಗಳನ್ನು ಮತ್ತೆ ಕೇಳಿರಲೂ ಇಲ್ಲ. ಮಗಳನ್ನು ಕರೆದುಕೊಂಡು ಖಾನಾಪುರಕ್ಕೆ ಹೋಗಿ, ಅಲ್ಲಿಂದ ಬೀಡಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸಾಕ್ಷಿ ತಾಯಿಯ ಸೆರಗು ಬಿಡಲಿಲ್ಲ.

ಬೀಡಿಯಲ್ಲಿ ನಾಗರತ್ನಾಳ ತಾಯಿ ಶಿವಬಸವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಹಗಲು ಹೊತ್ತು ಹುಡುಗಿ ಸ್ವಲ್ಪ ನಕ್ಕಳು. ಆದರೆ ಕತ್ತಲಾದರೆ ಅದೇ ಹೆದರಿಕೆ. ಭರಮಪ್ಪ ವಡಗಾವಿಯಲ್ಲಿ ಉಳಿದಿದ್ದ, ಹೆದರಿಕೆ ಮಾತ್ರ ಬಸ್ಸು ಹತ್ತಿ ಜೊತೆಗೇ ಬಂದಿತ್ತು.

ರವಿವಾರ ಮಧ್ಯಾಹ್ನ ಮೊಮ್ಮಗಳು ಮುಖ ಸಣ್ಣ ಮಾಡಿಕೊಂಡು ಕುಳಿತದ್ದು ಕಂಡು ಶಿವಬಸವ್ವ ಆಡಲು ಏನಾದರೂ ಕೊಡೋಣವೆಂದು ಹುಡುಕಿದರು. ಮಗ ಗೌರೀಶನ ಕಪಾಟಿನಲ್ಲಿ ದಪ್ಪನೆಯ ಒಂದು ಚಿತ್ರದ ಪುಸ್ತಕವಿತ್ತು. ರಟ್ಟಿನ ಮೇಲೆ ದೊಡ್ಡ ಕಣ್ಣಿನ ಹುಡುಗಿ, ಬಿಳಿ ಬೆಕ್ಕು.

"ತಗೋ ನನ್ನ ಬಂಗಾರ. ಮಾಮಾನ ಚಿತ್ರದ ಪುಸ್ತಕ. ನೋಡ್ಕೋತ ಕುಂದರ" ಎಂದು ಕೈಗಿಟ್ಟರು.

ಸಾಕ್ಷಿ ರಟ್ಟು ನೋಡಿದಳು. ಮರುಗಳಿಗೆ ಅವಳು ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತು. ಪುಸ್ತಕ ಅಂಗಳಕ್ಕೆ ಹೋಗಿ ಬಿತ್ತು. ನಾಗರತ್ನಾ ಓಡಿಬಂದು ಮಗಳನ್ನು ಅವುಚಿಕೊಂಡಳು.

ಅದೇ ಹೊತ್ತಿಗೆ ಖಾನಾಪುರದಿಂದ ಗೌರೀಶನ ಗಾಡಿ ಬಂತು. ಅಂಗಳದಲ್ಲಿ ಬಿದ್ದ ಪುಸ್ತಕ ನೋಡಿದವನೇ ಅವನು ಅಲ್ಲೇ ನಿಂತ.

"ಅವ್ವಾ, ಇದನ್ನ ಆಕಿಗೆ ಯಾರ ಕೊಟ್ರು?"

"ನಾನ ಕೊಟ್ಟೆ. ಚಿತ್ರದ ಪುಸ್ತಕ ಅಲ್ಲೇನೋ?"

"ದೊಡ್ಡವರ ಪುಸ್ತಕ ಅವ್ವಾ ಇದು! ಜಪಾನದ ಮಾಂಗಾ. ಸಣ್ಣ ಹುಡುಗರು ನೋಡೂದಲ್ಲ ಅಂತ ಹಿಂದ ಬರದಾರ ನೋಡು."

"ಚಿತ್ರ ಬರದ ಪುಸ್ತಕ ದೊಡ್ಡವರು ಯಾಕ ಓದ್ತಾರೋ ಮಾರಾಯಾ?" ಶಿವಬಸವ್ವ ಗಾಬರಿಯಾಗಿ ಕೇಳಿದರು.

ಗೌರೀಶನಿಗೆ ಒಂದು ಅನುಮಾನ ಬಂದಿತ್ತು. ಹುಡುಗಿಯಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಳಿತ. "ಸಾಕ್ಷೀ, ನಾವ್ಯಾರೂ ಬೈಯೂದಿಲ್ಲವ್ವಾ. ಟಿವಿನೂ ಕಸಗೊಳ್ಳೂದಿಲ್ಲ. ಈ ಹುಡಿಗೀನ್ನ ಮೊದ್ಲ ಎಲ್ಲ್ಯಾರ ನೋಡೀಯೇನು?"

ಸಾಕ್ಷಿ ತಾಯಿಯ ಸೆರಗು ಹಿಡಿದುಕೊಂಡೇ ಬಾಯಿ ಬಿಟ್ಟಳು. "ನಮ್ಮ ಟಿವ್ಯಾಗ. ಮಮ್ಮಿನ ಹಚ್ಚಿಕೊಟ್ಲು."

ನಾಗರತ್ನಾಗೆ ಪ್ರಮಿಳಾ ಹೇಳಿದ್ದು ನೆನಪಿಗೆ ಬಂತು. ತಲೆ ಸವರುತ್ತ ಕೇಳಿದಳು. "ಏನಿತ್ತು ಬಂಗಾರ ಅದರಾಗ?"

"ಅವರ ಮನ್ಯಾಗ ಕೆಲಸಕ್ಕ ಒಬ್ಬ ಕಾಕಾ ಬರ್ತಿದ್ದ. ಮೀಸಿ ಇತ್ತು. ನಗತಿದ್ದ. ಆ ಹುಡಿಗಿಗೆ ದಿನಾ ಪೇಪರಮಿಂಟ ಕೊಡ್ತಿದ್ದ." ಸಾಕ್ಷಿ ಉಸಿರು ಎಳೆದುಕೊಂಡಳು. "ಆಮ್ಯಾಲ ಎಲ್ಲಾರ್ನೂ ಕೊಂದಾ. ಮೊದ್ಲ ಪಪ್ಪಾನ್ನ. ಆಮ್ಯಾಲ ಅಜ್ಜಾನ್ನ. ಗ್ವಾಡಿ ತುಂಬ ರಕ್ತ."

"ಭರಮಪ್ಪ ಕಾಕಾ ನಿನಗ ಏನಾರ ಮಾಡ್ಯಾನೇನವ್ವಾ? ಬೈದಾನೇನು? ಹೊಡದಾನೇನು? ಮುಟ್ಟಬಾರದಲ್ಲೆ ಮುಟ್ಟ್ಯಾನೇನು? ಏನಿದ್ರೂ ಹೇಳು."

"ಇಲ್ಲ." ಹುಡುಗಿ ತಲೆಯಾಡಿಸಿದಳು. "ಇನ್ನೂ ಏನೂ ಮಾಡಿಲ್ಲ."

ಇನ್ನೂ ಏನೂ ಮಾಡಿಲ್ಲ! ಎಂಟು ವರ್ಷದ ಕೂಸು, ತನ್ನಪ್ಪನನ್ನು ಯಾವತ್ತು ಕೊಲ್ಲುತ್ತಾರೋ ಎಂದು ದಿನಾ ಕಾಯುತ್ತ ಕುಳಿತಿತ್ತು. ಮನೆಯಲ್ಲಿ ಅಷ್ಟು ಮಂದಿ ಇದ್ದರೂ ಒಬ್ಬಳೇ ಕಾಯುತ್ತಿತ್ತು.

ಮರುಕ್ಷಣ ನಾಗರತ್ನಾಗೆ ನೆನಪಾಯಿತು. ಇವತ್ತು ರವಿವಾರ!

ಓಂಕಾರನಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಮಗ್ಗದ ಮುಂದಿದ್ದರೆ ಫೋನ್ ಕೇಳಿಸುವುದಿಲ್ಲ. ಭರಮಪ್ಪನ ಮನೆಗೆ ಹೊರಟುಬಿಟ್ಟಿದ್ದರೆ? ಕೊನೆಗೆ ಗೌರೀಶನೇ ಪ್ರಮಿಳಾಗೆ ಫೋನ್ ಹಚ್ಚಿಕೊಟ್ಟ.

"ಅಕ್ಕಾ, ಭರಮಪ್ಪಂದು ಏನೂ ಇಲ್ರೀ! ಟಿವ್ಯಾಗಿಂದು! ಇವರನ್ನ ನಿಂದ್ರಸ್ರಿ, ನಿಮ್ಮ ಕಾಲಿಗೆ ಬೀಳ್ತೇನಿ!"

ಪ್ರಮಿಳಾ ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು. ಓಣಿಯ ತಿರುವಿನಲ್ಲಿ ಓಂಕಾರ ಗಾಡಿ ಚಾಲೂ ಮಾಡಿದ್ದ, ಹಿಂದೆ ಇನ್ನೂ ಇಬ್ಬರ ಗಾಡಿಗಳಿದ್ದವು. ಆಕೆ ಗಾಡಿಗೆ ಅಡ್ಡ ನಿಂತಳು. "ಮೊದ್ಲ ನಿಮ್ಮ ಮನಿಯಾಕಿ ಕೂಡ ಮಾತಾಡ್ರಿ, ಆಮ್ಯಾಲ ಎಲ್ಲಿಗೆ ಬೇಕಾದ್ರೂ ಹೋಗ್ರಿ" ಎಂದು ಫೋನ್ ಅವನ ಕಿವಿಗೆ ಹಿಡಿದಳು.

ಮರುದಿನ ಬೆಳಿಗ್ಗೆ ಎಲ್ಲರೂ ವಡಗಾವಿಯ ಮನೆಯಲ್ಲಿ ಸೇರಿದರು. ಓಂಕಾರ ತಲೆ ತಗ್ಗಿಸಿ ಕುಳಿತಿದ್ದ. ಗುರುಪಾದಪ್ಪ ಮಾತ್ರ ಒಪ್ಪಲು ತಯಾರಿರಲಿಲ್ಲ.

"ಕಾರ್ಟೂನ್ ನೋಡಿ ಯಾರಾರೆ ಹಿಂಗ ಹೆದರ್ತಾರೇನು? ಸುಳ್ಳ ಹೇಳಬ್ಯಾಡ್ರಿ. ನಾನೂ ಆಕಿ ಬಾಜೂಕ ಕುಂತು ಅದನ್ನ ನೋಡೇನಿ. ಅಷ್ಟ ಚಂದ ಐತಿ!"

"ಕುಂತು ನೋಡೀರಿ ಅಜ್ಜಾರ, ಕೇಳೀರೇನು?" ಎಂದ ಗೌರೀಶ. "ಒಮ್ಮೆ ಮಗ್ಗ ಬಂದ್ ಮಾಡ್ರಿ."

ಸಾಕ್ಷಿಯನ್ನು ಪ್ರಮಿಳಾ ಮೇಲಿನ ಮನೆಗೆ ಕರೆದುಕೊಂಡು ಹೋದಳು. ಓಂಕಾರ ಹೋಗಿ ಮಗ್ಗಗಳನ್ನು ನಿಲ್ಲಿಸಿದ. ಕೆಲಸದ ದಿನ ಹಗಲಲ್ಲಿ ಆ ಮನೆ ಅಷ್ಟು ಸುಮ್ಮನಾದದ್ದು ಅದೇ ಮೊದಲಿರಬೇಕು. ಗೌರೀಶ ಅದೇ ಕಂತು ಹಚ್ಚಿ ದನಿ ಏರಿಸಿದ.

ಭಾಷೆ ಜಪಾನಿನದು, ಯಾರಿಗೂ ತಿಳಿಯಲಿಲ್ಲ. ಆದರೆ ಚೀರುವುದಕ್ಕೆ ಭಾಷೆ ಬೇಕೆ? ಟಿವಿಯೊಳಗಿನ ಹುಡುಗಿ ಬಾಗಿಲ ಹಿಂದೆ ನಿಂತು ಅಪ್ಪನನ್ನು ಕರೆಯುತ್ತಿದ್ದಳು. ಅಪ್ಪನ ದನಿ ನಿಂತುಹೋಯಿತು. ಆಮೇಲೆ ಒಂದು ಬಿಳಿ ಗೋಡೆ ಬಂತು, ಅದರ ತುಂಬ ಕೆಂಪು ಕೆಂಪು ಕಲೆಗಳು.

ಗುರುಪಾದಪ್ಪ ಎದ್ದು ನಿಂತರು. ಜೇಬಿನಿಂದ ಮೊಬೈಲ್ ತೆಗೆದು ಅವತ್ತಿನ ಫೋಟೋ ನೋಡಿದರು. ಟಿವಿ ನೋಡಿದರು. ಬಿಳಿ ಒಡಲಿನ ಕೆಂಪು ಬುಟ್ಟಾ ಏನೆಂದು ಅವರಿಗೆ ಆಗ ತಿಳಿಯಿತು.

"ಬಂದ್ ಮಾಡ್ರಿ" ಎಂದರು. "ಬಂದ್ ಮಾಡ್ರೋ ಅದನ್ನ!"

ಸಾಕ್ಷಿ ಕೆಳಗೆ ಬಂದ ಮೇಲೆ ಪ್ರಮಿಳಾ ಮೆಲ್ಲಗೆ ಕೇಳಿದಳು. "ಅಷ್ಟ ಹೆದರಿಕಿ ಆಗಿತ್ತಲ್ಲ, ಮನ್ಯಾಗ ಯಾಕ ಹೇಳಲಿಲ್ಲವಾ?"

ಹುಡುಗಿ ಅಜ್ಜನ ಕಡೆ ನೋಡಿದಳು. "ಅಜ್ಜಾ ಚಂದ ಐತಿ ಅಂದಾ. ಫೋಟೋನೂ ತಗೊಂಡಾ. ಎಲ್ಲಾರಿಗೂ ಚಂದ ಅನಸ್ತೈತಿ, ನನಗಷ್ಟ ಹೆದರಿಕಿ ಆಗತೈತಿ ಅಂದ್ರ ನೀವೆಲ್ಲಾ ನಗತೀರಿ ಅಂತ..."

ಗುರುಪಾದಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡರು. ಆ ಮನೆಯಲ್ಲಿ ಅವರು ಅತ್ತದ್ದನ್ನು ಯಾರೂ ಕಂಡಿರಲಿಲ್ಲ, ಅವತ್ತು ಎಲ್ಲರ ಮುಂದೆ ಅತ್ತರು. "ತಪ್ಪು ನಂದವಾ. ನಾ ಬಣ್ಣ ನೋಡಿದ್ನಿ. ಬಾಜೂಕ ಕುಂತಾಕಿ ನೀನು, ನಿನ್ನ ಮಾರಿ ನೋಡಲಿಲ್ಲ."

ಗೌರೀಶನೂ ಕಣ್ಣೊರೆಸಿಕೊಂಡ. "ನಂದೂ ತಪ್ಪೈತಿ. ನಾ ನೋಡೂದನ್ನೆಲ್ಲಾ ಹಂಗ ಈ ಟಿವಿಗೆ ತಂದು ಸುರದ್ನಿ. ಇಲ್ಲೊಂದು ಕೂಸೈತಿ ಅಂತ ತಲ್ಯಾಗ ಬರಲಿಲ್ಲ."

"ಅಲ್ಲೋ ತಮ್ಮಾ, ಆ ಜಪಾನದವರು ಇಂಥಾ ಹೊಲಸು ಯಾಕ ಮಾಡ್ತಾರೋ?" ಎಂದು ಅಜ್ಜ ಕೇಳಿದರು.

"ಹೊಲಸಲ್ರೀ ಅಜ್ಜಾರ. ಅವರಲ್ಲೆ ಚಿತ್ರದ ಕಥಿ ಎಲ್ಲಾ ವಯಸ್ಸಿನವರಿಗೂ ಇರತಾವು. ಸಣ್ಣ ಮಕ್ಕಳಿಗೆ ಬ್ಯಾರೆ, ಸಾಲಿ ಹುಡುಗರಿಗೆ ಬ್ಯಾರೆ, ನಮ್ಮಂಥವರಿಗೆ ಬ್ಯಾರೆ. ದೊಡ್ಡವರ ಕಥ್ಯಾಗ ಕೊಲಿ ಇರತೈತಿ, ಗಂಡ ಹೆಣ್ಣಿನ ವಿಷಯ ಇರತೈತಿ. ಇದು ಅವರಿಗೆ ಗೊತ್ತೈತಿ. ಹೊರಗಿನವರಿಗೆ ಗೊತ್ತಿಲ್ಲ. ಅಮೇರಿಕಾ ಇಂಗ್ಲೆಂಡಿನವರೂ ಮೊದಲ ಹಿಂಗ ಮೋಸ ಹೋಗ್ಯಾರ. ಕಾರ್ಟೂನ್ ಅಂದ್ರ ಮಕ್ಕಳದ ಇರಬೇಕಂತ ತಿಳಕೊಂಡು ಮಕ್ಕಳ ಕೈಯಾಗ ಕೊಟ್ಟಾರ."

"ಓದಿ ಬರದವರ ಕಥೀನ ಹಿಂಗ ಆಗೇತಿ, ನಮಗಂತೂ ಇಂಗ್ಲಿಷ್ ಬರೂದಿಲ್ಲ. ನಮಗ ಹೆಂಗ ಗೊತ್ತಾಗಬೇಕೋ?" ಎಂದಳು ನಾಗರತ್ನಾ.

"ಅಂಕಿ ಬರತಾವಲ್ಲಾ ಅಕ್ಕಾ? ಸೀರಿ ಎಷ್ಟ ಗಜ ಅಂತ ಅಳೀತಿ. ಇಲ್ಲೆ ನೋಡು." ಗೌರೀಶ ಟಿವಿಯ ಮೂಲೆ ತೋರಿಸಿದ. ಕಥೆಯ ಹೆಸರಿನ ಹತ್ತಿರ ಸಣ್ಣಗೆ 18 ಎಂದಿತ್ತು. "7 ಅಂತಿದ್ರ ಏಳು ವರ್ಷದ ಮ್ಯಾಲಿನವರಿಗೆ. 13, 16 ಅಂತಿದ್ರ ಸಾಕ್ಷಿಗೆ ಬ್ಯಾಡ. 18 ಅಂತಿದ್ರ, ಇಲ್ಲಾ ಇಂಗ್ಲಿಷಿನ ದೊಡ್ಡ 'ಎ' ಅಕ್ಷರ ಇದ್ರ, ದೊಡ್ಡವರದು ಅಂತನ ತಿಳಕೋ. ಪುಸ್ತಕಕ್ಕೂ ಹಿಂದಿನ ರಟ್ಟ ನೋಡಬೇಕು."

ಅಲ್ಲೇ ಕುಳಿತು ಅವನು ಸಾಕ್ಷಿಗೆಂದು ಬೇರೆ ಖಾತೆ ಮಾಡಿದ. ಅದರೊಳಗೆ ಮಕ್ಕಳದ್ದು ಮಾತ್ರ ಬರುತ್ತದೆ. ತನ್ನ ಖಾತೆಗೆ ಗುಪ್ತ ಸಂಖ್ಯೆಯ ಕೀಲಿ ಹಾಕಿದ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುವುದನ್ನೂ ನಿಲ್ಲಿಸಿದ. ಎಲ್ಲವೂ ಒಂದು ಚಹಾ ಆರುವುದರೊಳಗೆ ಮುಗಿಯಿತು. ಇಷ್ಟು ಸಣ್ಣ ಕೆಲಸ ಮಾಡದೆ ಎಷ್ಟು ದೊಡ್ಡ ಅನಾಹುತಕ್ಕೆ ಹೋಗುತ್ತಿದ್ದೆವು ಎಂದು ಓಂಕಾರ ಹಣೆ ಚಚ್ಚಿಕೊಂಡ.

"ಮೊಬೈಲಿಗೆ ವಾಟ್ಸಾಪಿನ್ಯಾಗ ಬರೂ ತುಣುಕಿಗೆ ಅಂಕಿನೂ ಇರೂದಿಲ್ಲ, ಕೀಲಿನೂ ಇಲ್ಲ" ಎಂದಳು ಪ್ರಮಿಳಾ. "ಅಲ್ಲೆ ನಮ್ಮ ಕಣ್ಣ ಕಾವಲು. ಕಾರ್ಟೂನ್ ಅಂದಕೂಡ್ಲೆ ನಾನೂ ಮಾತು ಬಿಟ್ಟೆ, ಅವತ್ತ ಇನ್ನೊಂದು ಪ್ರಶ್ನಿ ಕೇಳಿದ್ರ ಇಷ್ಟ ದೂರ ಬರ್ತಿರಲಿಲ್ಲ. ನಮ್ಮ ವಾರ್ಡಿನ ಡಾಕ್ಟರಿಗೆ ಒಮ್ಮೆ ಸಾಕ್ಷೀನ್ನ ತೋರಸೂಣು. ಹೆದರಿಕಿಗೂ ಔಷಧ ಐತಿ, ಅದು ಮಾತಿನ ಔಷಧ."

ಅವತ್ತೇ ಸಂಜೆ ಗುರುಪಾದಪ್ಪ ಮಗನನ್ನು ಕರೆದುಕೊಂಡು ಭರಮಪ್ಪನ ಮನೆಗೆ ಹೋದರು. ಓಂಕಾರ ಕೈ ಮುಗಿದ. ಭರಮಪ್ಪ ಬೈಯಲಿಲ್ಲ. "ಕೂಸು ಆರಾಮ ಐತೇನ್ರಿ?" ಎಂದು ಮೊದಲು ಕೇಳಿದ. ಆಮೇಲೆ ಅವನ ಹೆಂಡತಿ ಒಳಗಿನಿಂದ ಹೇಳಿದಳು. "ಈ ಓಣ್ಯಾಗೂ ನನಗ ನೀರು ತುಂಬಾಕ ಹೋಗೂದು ಕಠಿಣ ಆಗೇತ್ರೀ. ಮಂದಿಗೆ ಹೇಳವರು ಯಾರು?" ಗುರುಪಾದಪ್ಪ ಮಾರನೆಯ ದಿನದಿಂದ ಎರಡೂ ಓಣಿಯ ಮನೆ ಮನೆಗೆ ಹೋಗಿ, ತಪ್ಪು ನಮ್ಮದು ಎಂದು ಹೇಳಿ ಬಂದರು. ಕೆಲವರು ನಂಬಿದರು. ಎಲ್ಲರೂ ನಂಬಿದರೆಂದು ನಾನು ಸುಳ್ಳು ಬರೆಯಲಾರೆ.

ಭರಮಪ್ಪ ಮತ್ತೆ ಕೆಲಸಕ್ಕೆ ಬರುತ್ತಾನೆ. ಹುಡುಗಿ ಎದುರಾದರೆ ತಾನೇ ದೂರ ಸರಿದು ನಿಲ್ಲುತ್ತಾನೆ. ಸಾಕ್ಷಿ ಈಗ ಹಗಲಲ್ಲಿ ಹಿತ್ತಲಿಗೆ ಒಬ್ಬಳೇ ಹೋಗುತ್ತಾಳೆ, ರಾತ್ರಿ ಇನ್ನೂ ತಾಯಿ ಬೇಕು. ಟಿವಿ ಹಚ್ಚುವಾಗ ಈಗಲೂ ತಿರುಗಿ ಕೇಳುತ್ತಾಳೆ, "ಅಜ್ಜಾ, ಇದು ಚಂದ ಐತೇನು?"

"ನಿನಗ ಹೆಂಗ ಅನಸ್ತೈತಿ, ಅದನ್ನ ಮೊದ್ಲ ಹೇಳವಾ" ಎನ್ನುತ್ತಾರೆ ಅಜ್ಜ.

ಅವ್ವಂದಿರೇ, ಅಕ್ಕಂದಿರೇ, ಕಾರ್ಟೂನು ಬೇಡ ಎಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆಂದೇ ಮಾಡಿದ ಒಳ್ಳೊಳ್ಳೆಯವು ಬೇಕಾದಷ್ಟಿವೆ, ಜಪಾನಿನವೂ ಇವೆ. ಚಿತ್ರ ನೋಡಿ ನಂಬಬೇಡಿ, ಅಂಕಿ ನೋಡಿ. ದನಿ ಹಾಕಿ ಕೇಳಿ. ಹತ್ತು ನಿಮಿಷ ಬಾಜೂಕ್ಕೆ ಕುಳಿತುಕೊಳ್ಳಿ, ಪರದೆ ನೋಡಲು ಅಲ್ಲ, ಮಗುವಿನ ಮುಖ ನೋಡಲು. ಮಗು ಹೆದರಿದರೆ ನಗಬೇಡಿ, ಬೈಯಬೇಡಿ, ಟಿವಿ ಕಸಿದು ಬಾಯಿ ಮುಚ್ಚಿಸಬೇಡಿ. ಯಾರ ಮೇಲಾದರೂ ಅನುಮಾನ ಬಂದರೆ ಮುಚ್ಚಿಡಬೇಡಿ, ಮಗುವನ್ನು ಕೇಳದೆ ತೀರ್ಪನ್ನೂ ಕೊಡಬೇಡಿ.

ಇದನ್ನು ಮಹಿಳಾ ಸಂಘದ ಸಭೆಯಲ್ಲಿ ಓದಿ ಹೇಳುತ್ತಿರುವವರಿಗೆ ನನ್ನದೊಂದು ವಿನಂತಿ. ಇಲ್ಲಿಗೆ ಬಂದ ಮೇಲೆ ಓದುವುದನ್ನು ನಿಲ್ಲಿಸಿ. ಕೇಳುತ್ತ ಕುಳಿತ ತಾಯಂದಿರೇ, ಸಭೆಯಲ್ಲಿ ಗದ್ದಲ ಮಾಡದಿರಲಿ ಎಂದು ನಿಮ್ಮ ಮೊಬೈಲನ್ನು ಹೊರಗೆ ಕಟ್ಟೆಯ ಮೇಲೆ ಮಕ್ಕಳ ಕೈಗೆ ಕೊಟ್ಟು ಬಂದಿದ್ದೀರಲ್ಲ, ಈಗ ಅವರು ಏನು ನೋಡುತ್ತಿದ್ದಾರೆ?

ಏಳಿ. ಮೊದಲು ಹೋಗಿ ನೋಡಿ ಬನ್ನಿ.